ತಗಡಿನ ಮೇಲೆ ನಿಂತ ಫೋರ್ಕ್

ಬಿಎಂಡಬ್ಲ್ಯು ಕಂಪನಿ 1969ರಲ್ಲಿ ಬರ್ಲಿನ್ನಿನ ಸ್ಪಾಂಡಾವು ಕಾರ್ಖಾನೆಯಿಂದ ಹೊರತಂದ /5 ಸರಣಿಯ ಬೈಕುಗಳಲ್ಲಿ ಎಲ್ಲವೂ ಅಚ್ಚುಕಟ್ಟು, ಒಂದನ್ನು ಬಿಟ್ಟು. ಮುಂಚಕ್ರ ಹೊತ್ತ ಎರಡು ಫೋರ್ಕ್ ಕೊಳವೆಗಳನ್ನು ಕೆಳಗಡೆ ದಪ್ಪನೆಯ ಯೋಕ್ ಬೋಲ್ಟುಗಳಿಂದ ಬಿಗಿಯಾಗಿ ಹಿಡಿದಿರುತ್ತದೆ. ಮೇಲ್ಗಡೆ ಇರುವುದು ಅಚ್ಚೊತ್ತಿದ ಉಕ್ಕಿನ ಚಪ್ಪಟೆ ತಗಡು ಮಾತ್ರ. ಕೊಳವೆಗಳ ನೆತ್ತಿಯ ನಟ್ಟುಗಳೇ ಅದನ್ನು ಒತ್ತಿ ಹಿಡಿಯಬೇಕು. ಈ ತಗಡಿನ ಜಾಗಕ್ಕೆ ದಪ್ಪ ಅಲ್ಯೂಮಿನಿಯಂ ಪ್ಲೇಟನ್ನು ಹೊರಗಿನಿಂದ ತಂದು ಕೂರಿಸುವ ಪರಿಪಾಠ ಆ ಬೈಕುಗಳ ಸುತ್ತ ಬೆಳೆಯಿತು, ಇಂದಿಗೂ ಉಳಿದಿದೆ. ಇದನ್ನು ಶೋಕಿಯೆಂದು ತಳ್ಳಿಹಾಕುವವರಿದ್ದಾರೆ. ಕಂಪನಿ ಅರ್ಧಕ್ಕೆ ಬಿಟ್ಟ ಕೆಲಸವನ್ನು ಸವಾರರು ಮುಗಿಸಿದರು ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ, ಕಂಪನಿಯ ಮುಂದಿನ ನಡೆಗಳೇ ಸಾಕು.

ಟೆಲಿಸ್ಕೋಪಿಕ್ ಫೋರ್ಕು ಬಿಎಂಡಬ್ಲ್ಯುಗೆ ಹೊಸದಾಗಿರಲಿಲ್ಲ. ಎಣ್ಣೆಯ ಒತ್ತಡದಿಂದ ಕುಲುಕಾಟ ತಗ್ಗಿಸುವ ಅಂಥ ಫೋರ್ಕನ್ನು 1935ರಲ್ಲೇ ಆರ್12 ಬೈಕಿಗೆ ಹಾಕಿ ಕಂಪನಿ ದಾರಿ ತೋರಿಸಿತ್ತು. ಆದರೆ 1955ರಿಂದ ಸುಮಾರು ಹದಿನೈದು ವರ್ಷ, ಮುಂಚಕ್ರವನ್ನು ತೂಗುವ ತೋಳಿನಲ್ಲಿ ಹಿಡಿಯುವ ಅರ್ಲ್ಸ್ ಫೋರ್ಕನ್ನು ನೆಚ್ಚಿಕೊಂಡಿತು. ಅದು ಭಾರ, ಹ್ಯಾಂಡಲ್ ತಿರುಗಿಸಲು ನಿಧಾನ, ಜೋರಾಗಿ ಬ್ರೇಕ್ ಹಿಡಿದರೆ ಮೂತಿ ತಗ್ಗುವ ಬದಲು ಮೇಲೇಳುತ್ತಿತ್ತು. ಆದರೂ ಸುಲಭಕ್ಕೆ ತಿರುಚಿಕೊಳ್ಳುತ್ತಿರಲಿಲ್ಲ. ಸೈಡ್‌ಕಾರ್ ಎಳೆಯುವವರಿಗೆ ಅದಕ್ಕಿಂತ ಬೇರೆ ಬೇಕಿರಲಿಲ್ಲ. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಸೈಡ್‌ಕಾರ್ ಕಾಲವೂ ಮುಗಿಯುತ್ತಿತ್ತು, ಅಮೆರಿಕದ ಗಿರಾಕಿಗಳಿಗೆ ಹಗುರ ಬೈಕು ಬೇಕಿತ್ತು. ಹಾನ್ಸ್-ಗುಂಟರ್ ಫಾನ್ ಡೆರ್ ಮಾರ್ವಿಟ್ಸ್ ಮುಂದಾಳುತನದಲ್ಲಿ /5 ಸರಣಿ ರೂಪುಗೊಂಡದ್ದು ಆಗ. ಮೃದುವಾದ, ಉದ್ದಕ್ಕೆ ಚಲಿಸುವ ಫೋರ್ಕು ಬಂತು. ಕೆಟ್ಟ ರಸ್ತೆಯಲ್ಲಿ ಸವಾರನ ಮೈಕೈ ಉಳಿಸಿದ್ದು ಈ ಮೃದುತ್ವವೇ. ಆದರೆ ಎರಡು ಕೊಳವೆಗಳು ಒಂದೇ ಎಂಬಂತೆ ಚಲಿಸಬೇಕಾದರೆ ಅವನ್ನು ಜೋಡಿಸುವ ಭಾಗಗಳು ಗಟ್ಟಿ ಇರಬೇಕು. ಮೇಲಿನ ತುದಿಯಲ್ಲಿ ಆ ಗಟ್ಟಿತನ ಬರಲಿಲ್ಲ.

ಅದರ ಪರಿಣಾಮ ಕಾಣಿಸಿದ್ದು ಬ್ರೇಕುಗಳು ಬಲವಾದಾಗ. ಮುಂದಿನ /6 ಸರಣಿಯ ಆರ್75 ಮತ್ತು ಆರ್90 ಬೈಕುಗಳಿಗೆ ಮುಂಚಕ್ರದಲ್ಲಿ ಡಿಸ್ಕ್ ಬ್ರೇಕ್ ಬಂತು, ಅದೂ ಒಂದೇ ಬದಿಗೆ. ಬ್ರೇಕ್ ಹಿಡಿದಾಗೆಲ್ಲ ಫೋರ್ಕಿನ ಒಂದು ಕಾಲಿಗೆ ಹೊರೆ, ಇನ್ನೊಂದಕ್ಕೆ ಬಿಡುವು. ಆ ತಿರುಚನ್ನು ತಡೆಯಬೇಕಾದವು ಚಕ್ರದ ಅಚ್ಚು, ಕೆಳಗಿನ ಯೋಕ್ ಮತ್ತು ಈ ತಗಡು. ಇವುಗಳಲ್ಲಿ ಮೊದಲು ಬಾಗುವುದು ಯಾವುದೆಂದು ಹೇಳಲು ಎಂಜಿನಿಯರಿಂಗ್ ಪದವಿ ಬೇಡ. 1973ರಲ್ಲಿ ಬಂದ 898 ಸಿಸಿಯ ಆರ್90ಎಸ್ 67 ಅಶ್ವಶಕ್ತಿಯೊಂದಿಗೆ ಗಂಟೆಗೆ 200 ಕಿ.ಮೀ. ಆಸುಪಾಸು ಓಡುತ್ತಿತ್ತು. ಡಿಸ್ಕ್ ಎರಡಾದವು, ಹ್ಯಾಂಡಲ್ ಅದುರದಂತೆ ತಿರುಗಿಸಿ ಹೊಂದಿಸುವ ಡ್ಯಾಂಪರನ್ನೂ ಕೊಟ್ಟರು. ತಗಡು ಮಾತ್ರ ಅಲ್ಲೇ ಇತ್ತು. ಬೈಕು ತೂಗಾಡುತ್ತದೆಂದು ಗೊತ್ತಿದ್ದೇ ಮದ್ದು ಹಚ್ಚಿದಂತಿದೆ ಇದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ತೂಗಾಟಕ್ಕೆ ಫೋರ್ಕೇ ಯಾಕೆ ಕಾರಣವಾಗಬೇಕು? ಸವೆದ ಸ್ಟೀರಿಂಗ್ ಬೇರಿಂಗು, ಸಡಿಲಗೊಂಡ ಸ್ವಿಂಗ್ ಆರ್ಮ್, ಹಳೆಯ ಟೈರು, ಇವೂ ಅದನ್ನೇ ಮಾಡುತ್ತವೆ. ಮಾತು ಸರಿ. 1973ರಲ್ಲಿ ಕಂಪನಿ ಸ್ವಿಂಗ್ ಆರ್ಮನ್ನು 50 ಮಿ.ಮೀ. ಉದ್ದ ಮಾಡಿದ್ದು ಹಿಂಬದಿಯ ಪಾಲನ್ನು ಒಪ್ಪಿಕೊಂಡಂತೆಯೇ. ಬೇರಿಂಗಿನಲ್ಲಿ ಆಟವಿದ್ದರೆ ಯಾವ ಪ್ಲೇಟೂ ಅದನ್ನು ಮುಚ್ಚಿಡದು. ಆದರೆ ಈ ಕಾರಣಗಳಿವೆ ಎಂದಮಾತ್ರಕ್ಕೆ ತಗಡು ನಿರ್ದೋಷಿಯಾಗುವುದಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಚುರುಕಿನದು: ಇಷ್ಟು ದುರ್ಬಲ ಫೋರ್ಕಿದ್ದರೆ 1976ರಲ್ಲಿ ಅಮೆರಿಕದ ಮೊದಲ ಎಎಂಎ ಸೂಪರ್‌ಬೈಕ್ ಚಾಂಪಿಯನ್‌ಶಿಪ್ಪನ್ನು ರೆಗ್ ಪ್ರಿಡ್‌ಮೋರ್ ಆರ್90ಎಸ್ ಮೇಲೆ ಗೆದ್ದದ್ದು ಹೇಗೆ? ಗೆದ್ದದ್ದು ನಿಜ. ಆ ಬೈಕನ್ನು ಆಮದುದಾರ ಬಟ್ಲರ್ ಅಂಡ್ ಸ್ಮಿತ್ ಸಂಸ್ಥೆಗಾಗಿ ಉಡೋ ಗೀಟ್ಲ್ ಮತ್ತವರ ತಂಡ ಸಾಕಷ್ಟು ತಿದ್ದಿ ಸಜ್ಜುಗೊಳಿಸಿತ್ತು. ಷೋರೂಮಿನ ಬೈಕಿನ ಪರವಾಗಿ ಆ ಗೆಲುವು ಸಾಕ್ಷಿ ಹೇಳದು.

ಫೋರ್ಕನ್ನು ಬಿಗಿಗೊಳಿಸುವ ಬ್ರೇಸ್‌ಗಳ ವ್ಯಾಪಾರ ಬೆಳೆದದ್ದೂ ಈ ಕೊರತೆಯಿಂದಲೇ. ಜರ್ಮನಿಯ ಟೆಲೆಫಿಕ್ಸ್, ಇಟಲಿಯ ತಾರೋಜಿ ಮುಖ್ಯವಾಗಿ ಕೊಳವೆಗಳ ಮೇಲೆ ಜಾರುವ ಕೆಳಗಿನ ಸ್ಲೈಡರುಗಳನ್ನು ಬಂಧಿಸುವ ಬ್ರೇಸ್ ಮಾರಿದವು. ಅದರ ಪ್ರಯೋಜನವೇ ಹೆಚ್ಚು, ಮೇಲಿನದು ಎರಡನೆಯದು ಎಂಬ ವಾದವನ್ನೂ ನಾನು ಒಪ್ಪುತ್ತೇನೆ. ಕಂಪನಿಯೇ 1985ರ ಆರ್80ಗೆ 36 ಮಿ.ಮೀ. ಬದಲು 38.5 ಮಿ.ಮೀ. ಕೊಳವೆ ಹಾಕಿ, ಸ್ಲೈಡರುಗಳ ನಡುವೆ ಗಟ್ಟಿ ಬ್ರೇಸನ್ನು ತಾನೇ ಕೊಟ್ಟಿತು. ಹೊರಗಿನವರು ವರ್ಷಗಳಿಂದ ಹೇಳುತ್ತಿದ್ದುದಕ್ಕೆ ಇದಕ್ಕಿಂತ ಸ್ಪಷ್ಟ ಒಪ್ಪಿಗೆ ಬೇಕಿಲ್ಲ.

ಮೂಲ ತಗಡನ್ನು ತೆಗೆದರೆ ಬೈಕಿನ ಅಸಲಿತನ ಹೋಗುತ್ತದೆ ಎನ್ನುವವರಿಗೆ ಉತ್ತರ ಸರಳ: ಪ್ಲೇಟು ಕೂರಿಸಲು ಏನನ್ನೂ ಕೊರೆಯಬೇಕಿಲ್ಲ, ಹಳೆಯದನ್ನು ತೆಗೆದಿಟ್ಟುಕೊಳ್ಳಬಹುದು. ತೊಡಕು ಬೇರೆಡೆ ಇದೆ. ಮೂಲ ತಗಡು ಬಾಗುತ್ತಿದ್ದುದರಿಂದ ಕೊಳವೆಗಳ ಅಲ್ಪಸ್ವಲ್ಪ ಸೊಟ್ಟ ಅದರಲ್ಲಿ ಅಡಗಿಹೋಗುತ್ತಿತ್ತು. ಗಟ್ಟಿ ಪ್ಲೇಟು ಅದನ್ನು ಸಹಿಸದು, ಬಲವಂತದಿಂದ ಬಿಗಿದರೆ ಫೋರ್ಕು ಸಿಕ್ಕಿಕೊಂಡು ಚಲಿಸುತ್ತದೆ. ಹಾಗಾಗಿ ಮೊದಲು ಎರಡು ಕೊಳವೆಗಳ ಮೇಲೆ ಸಮತಟ್ಟು ಗಾಜಿನ ತುಂಡನ್ನಿಟ್ಟು ಅದು ಅಲುಗುತ್ತದೆಯೇ ನೋಡಬೇಕು. ಅಲುಗಿದರೆ ಕೆಳಗಿನ ಯೋಕ್ ಸಡಿಲಿಸಿ ಕೊಳವೆಗಳನ್ನು ನೇರ ಮಾಡಬೇಕು. ಪ್ಲೇಟು ಕೂತ ಮೇಲೆ ಮುಂಭಾಗವನ್ನು ನಾಲ್ಕಾರು ಸಲ ಒತ್ತಿ ಬಿಟ್ಟು ಕಾಲುಗಳು ತಮ್ಮ ಜಾಗ ಹಿಡಿದ ನಂತರವಷ್ಟೇ ಅಚ್ಚಿನ ಹಿಡಿ ಬೋಲ್ಟನ್ನು ಬಿಗಿಯಬೇಕು.