ತಾಂಬೂಲಕ್ಕೆ ಹೊಗೆಸೊಪ್ಪು ಸೇರಿದ ಕಥೆ

ಮಾಗಡಿ ತಾಲ್ಲೂಕಿನ ಕಲ್ಯ ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದ ಊರು. ಜೈನರಿಗೂ ಶ್ರೀವೈಷ್ಣವರಿಗೂ ನಡುವೆ ಹುಟ್ಟಿದ ವ್ಯಾಜ್ಯವನ್ನು ಬುಕ್ಕರಾಯ 1368ರಲ್ಲಿ ತೀರಿಸಿದ್ದನ್ನು ಹೇಳುವ ಶಾಸನ ಶ್ರವಣಬೆಳಗೊಳದಲ್ಲಿರುವಂತೆ ಇಲ್ಲಿಯೂ ಇದೆ. ಆ ಕಾಲದ ಕಲ್ಯದಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದವರ ಬಾಯಲ್ಲಿ ಒಂದು ವಸ್ತು ಮಾತ್ರ ಖಂಡಿತ ಇರಲಿಲ್ಲ. ಅದು ಹೊಗೆಸೊಪ್ಪು.

1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್ ಎಲೆ, ಅಡಿಕೆ, ಸುಣ್ಣಗಳ ತಾಂಬೂಲವನ್ನು ಹೊಗಳಿ ಬರೆದಿದ್ದಾನೆ. ಅವನ ಕಾಲಕ್ಕೆ ಹೊಗೆಸೊಪ್ಪು ಅಮೆರಿಕ ಖಂಡದಿಂದ ಹೊರಬಿದ್ದೇ ಇರಲಿಲ್ಲ. ಪೋರ್ಚುಗೀಸರ ಹಡಗುಗಳ ಮೂಲಕ ಅದು ಪಶ್ಚಿಮ ಕರಾವಳಿಗೆ ಬಂತು. 1600ರ ನಂತರದ ಕೆಲವೇ ವರ್ಷಗಳಲ್ಲಿ ಅಸದ್ ಬೇಗ್ ಅದನ್ನು ಅಕ್ಬರನ ಆಸ್ಥಾನಕ್ಕೆ ಒಯ್ದದ್ದು ನಮ್ಮ ವಿಜಾಪುರದಿಂದಲೇ. ಮುಂದೆ ಅದು ಎಲೆಯಡಿಕೆಯ ಚೀಲದೊಳಗೂ ಸೇರಿತು. ನಾವು ಅನಾದಿ ಸಂಪ್ರದಾಯವೆಂದು ಭಾವಿಸುವ ಹೊಗೆಸೊಪ್ಪಿನ ತಾಂಬೂಲಕ್ಕೆ ಹೆಚ್ಚೆಂದರೆ ನಾಲ್ಕು ಶತಮಾನಗಳ ವಯಸ್ಸು.

ಅದರ ಬೆಲೆ ತಿಳಿಯಲು ಬಹಳ ಕಾಲ ಹಿಡಿಯಿತು. 1933ರಲ್ಲಿ ಓರ್ ಎಂಬ ವೈದ್ಯರು ತಿರುವಾಂಕೂರಿನ ಎಲೆಯಡಿಕೆ ಮೆಲ್ಲುವವರಲ್ಲಿ ಕಂಡ ಬಾಯಿ ಕ್ಯಾನ್ಸರನ್ನು ಕುರಿತು ಬರೆದರು. ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಸಂಸ್ಥೆ ಆರಂಭವಾಯಿತು. 1982ರಿಂದ ಅಲ್ಲಿ ನಗರದ ಕ್ಯಾನ್ಸರ್ ಪ್ರಕರಣಗಳ ನೋಂದಣಿ ಶುರುವಾಯಿತು. ಆ ನೋಂದಣಿಯ ಆಧಾರದ ಮೇಲೆ 348 ಬಾಯಿ ಕ್ಯಾನ್ಸರ್ ರೋಗಿಗಳನ್ನು ಅಷ್ಟೇ ಸಂಖ್ಯೆಯ ಇತರರೊಡನೆ ಹೋಲಿಸಿದ ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಹೊಗೆಸೊಪ್ಪು ಸೇರಿಸಿ ಎಲೆಯಡಿಕೆ ಹಾಕುವವರಿಗೆ ಅಪಾಯ ಹೆಚ್ಚು, ಅದರಲ್ಲೂ ಹೆಂಗಸರಿಗೆ ಇನ್ನೂ ಹೆಚ್ಚು ಎಂದು ಅದು ತೋರಿಸಿತು. ಎಷ್ಟು ವರ್ಷ, ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಬಾಯಲ್ಲಿ ಇಟ್ಟುಕೊಳ್ಳುತ್ತಾರೆ ಎಂಬುದಕ್ಕೆ ತಕ್ಕಂತೆ ಅಪಾಯ ಏರುತ್ತಿತ್ತು. ದವಡೆಯಲ್ಲಿ ಒತ್ತರಿಸಿಕೊಂಡೇ ಮಲಗುವ ಅಭ್ಯಾಸವಂತೂ ತೀರಾ ಕೆಟ್ಟದ್ದು.

ಹಾಗಾದರೆ ಹೊಗೆಸೊಪ್ಪು ಬಿಟ್ಟರೆ ಸಾಕೇ? 1985ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆಸೊಪ್ಪಿನ ತಾಂಬೂಲವನ್ನಷ್ಟೇ ಕ್ಯಾನ್ಸರ್‌ಕಾರಕ ಎಂದಿತ್ತು. 2004ರ ಅದರ ಗ್ರಂಥ ಅಡಿಕೆಯನ್ನೂ ಆ ಪಟ್ಟಿಗೆ ಸೇರಿಸಿತು. ಅಡಿಕೆಯನ್ನೇ ನಂಬಿ ಬದುಕುವ ನಾಡಿಗೆ ಇದು ಕಹಿ ಮಾತು. ಆದರೆ ಅಡಿಕೆ ಜಗಿದು ಜಗಿದು ಬಾಯಿ ಬಿಗಿದು, ತುತ್ತು ಇಡುವಷ್ಟೂ ತೆರೆಯಲಾಗದ ಯುವಕರನ್ನು ದಂತವೈದ್ಯರು ದಿನವೂ ಕಾಣುತ್ತಾರೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ವ್ಯಾಪಾರ ಪಾನ್ ಮಸಾಲಾ ಒಂದು ಪೊಟ್ಟಣ, ಹೊಗೆಸೊಪ್ಪು ಇನ್ನೊಂದು ಪೊಟ್ಟಣ ಎಂದು ಎರಡಾಗಿ ಮುಂದುವರಿಯಿತು.

ಎಲ್ಲ ಕ್ಯಾನ್ಸರ್‌ಗೂ ಇಷ್ಟು ಸ್ಪಷ್ಟ ಕಾರಣ ಸಿಗುವುದಿಲ್ಲ. ಗರ್ಭಕೊರಳಿನ ಕ್ಯಾನ್ಸರ್‌ಗೆ ಎಚ್‌ಪಿವಿ ವೈರಾಣು ಕಾರಣ, ಅದಕ್ಕೆ ಲಸಿಕೆ ಇದೆ. ಸ್ತನ ಕ್ಯಾನ್ಸರ್‌ನಲ್ಲಿ ಗಂಟನ್ನು ಬೇಗ ತೋರಿಸಿಕೊಳ್ಳುವುದೇ ದೊಡ್ಡ ರಕ್ಷಣೆ. ಬಾಯಿಯದು ಕಣ್ಣಿಗೆ ಕಾಣುವ ರೋಗ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು ಇದ್ದರೆ ಕನ್ನಡಿಯೇ ಹೇಳುತ್ತದೆ. ಆದರೂ ನೋವಿಲ್ಲವೆಂದು ಜನ ತಡಮಾಡುತ್ತಾರೆ.

ತಾಂಬೂಲ ನಮ್ಮಲ್ಲಿ ಮರ್ಯಾದೆಯ ಗುರುತು. ಮದುವೆಯ ಮಾತು ಗಟ್ಟಿಯಾಗುವುದೂ, ಮುತ್ತೈದೆಯನ್ನು ಕಳುಹಿಸಿಕೊಡುವುದೂ ಅದರಿಂದಲೇ. ಎಲೆಯಡಿಕೆಯನ್ನು ಕೈಗೆ ಕೊಟ್ಟರೆ ಆ ಮರ್ಯಾದೆ ಪೂರ್ತಿ ಸಂದಂತೆಯೇ. ಅದನ್ನು ಜಗಿಯಲೇಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಹೊಗೆಸೊಪ್ಪಂತೂ ಆ ಹರಿವಾಣಕ್ಕೆ ಎಂದೂ ಸೇರಿದ್ದಲ್ಲ. ನಡುವೆ ಬಂದದ್ದನ್ನು ನಡುವೆಯೇ ಬಿಡಬಹುದು.