ಪಟ್ಟ, ಮುಕುಟ ಮತ್ತು ಬರಿದಾದ ಶಿರ

ಕನ್ನಡದ ನುಡಿಗಟ್ಟಿನಲ್ಲಿ ಅರಸನಿಗೆ ಕಿರೀಟ ಇಡುವುದಕ್ಕಿಂತ ಪಟ್ಟ ಕಟ್ಟುವುದೇ ಮುಖ್ಯ. ಪಟ್ಟವೆಂದರೆ ಹಣೆಯ ಮೇಲೆ ಬಿಗಿಯುವ ಪಟ್ಟಿ. ಅದು ಹೊನ್ನಿನದಾಗಬಹುದು, ವಸ್ತ್ರದ್ದಾಗಬಹುದು, ಹೂವಿನದೂ ಆಗಬಹುದು. ಪಟ್ಟದರಸಿ, ಪಟ್ಟದಾನೆ, ಪಟ್ಟಾಭಿಷೇಕ ಎಂಬ ಮಾತುಗಳೆಲ್ಲ ಈ ಬಿಗಿತದಿಂದಲೇ ಹುಟ್ಟಿದವು. ತಲೆಯ ಮೇಲೆ ಇಟ್ಟುದನ್ನು ಬೇಕೆಂದಾಗ ತೆಗೆದಿಡಬಹುದು, ಕಟ್ಟಿದುದನ್ನಾದರೋ ಬಿಚ್ಚಬೇಕಾಗುತ್ತದೆ. ಬಿಚ್ಚುವ ಮೊದಲು ಕಟ್ಟಿದವರು ಯಾರು, ಯಾವ ಕರಾರಿನ ಮೇಲೆ ಕಟ್ಟಿದರು ಎಂಬ ಪ್ರಶ್ನೆಯೂ ಏಳುತ್ತದೆ.

ಗಂಗವಂಶದ ಉದಯವನ್ನು ಕುರಿತ ಐತಿಹ್ಯ ಈ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತದೆ. ದಡಿಗ ಮತ್ತು ಮಾಧವರೆಂಬ ಸೋದರರು ರಾಜ್ಯಹೀನರಾಗಿ ಪೇರೂರಿಗೆ ಬಂದಾಗ ಸಿಂಹನಂದಿ ಆಚಾರ್ಯರು ಅವರಿಗೆ ಆಶ್ರಯವಿತ್ತು, ವಿದ್ಯೆ ಕಲಿಸಿ, ರಾಜ್ಯಸ್ಥಾಪನೆಗೆ ಅಣಿಗೊಳಿಸಿದರೆಂದು 12ನೆಯ ಶತಮಾನದ ಕಲ್ಲೂರುಗುಡ್ಡ ಶಾಸನ ವಿವರಿಸುತ್ತದೆ. ಆಚಾರ್ಯರ ಕೈಯಲ್ಲಿ ಹೊನ್ನಿರಲಿಲ್ಲ, ಮಣಿಯಿರಲಿಲ್ಲ. ಅವರು ಕರ್ಣಿಕಾರದ ಹೂವಿನ ಎಸಳುಗಳಿಂದ ಪಟ್ಟ ಮಾಡಿ ಕಟ್ಟಿದರು. ತಮ್ಮ ನವಿಲುಗರಿಯ ಕುಂಚವನ್ನೇ ಧ್ವಜವಾಗಿ ಕೊಟ್ಟರು. ಅದರೊಡನೆ ಷರತ್ತುಗಳನ್ನೂ ವಿಧಿಸಿದರು. ಕೊಟ್ಟ ಮಾತಿಗೆ ತಪ್ಪಿದರೆ, ಜಿನಶಾಸನಕ್ಕೆ ವಿಮುಖರಾದರೆ, ಪರಸ್ತ್ರೀಯರನ್ನು ಅಪಹರಿಸಿದರೆ, ಮಧುಮಾಂಸಗಳನ್ನು ಸೇವಿಸಿದರೆ, ಬೇಡಿದವರಿಗೆ ಕೊಡದಿದ್ದರೆ, ರಣರಂಗದಿಂದ ಓಡಿದರೆ ಕುಲ ಕೆಡುವುದೆಂಬುದು ಆ ಷರತ್ತುಗಳ ಸಾರ.

ಗಂಗರಾಜ್ಯ ಸ್ಥಾಪನೆಯಾದುದು 4ನೆಯ ಶತಮಾನದಲ್ಲಿ. ಈ ಶಾಸನವೋ ಏಳುನೂರಕ್ಕೂ ಹೆಚ್ಚು ವರ್ಷಗಳ ತರುವಾಯದ್ದು. ಆದಕಾರಣ ಇತಿಹಾಸಕಾರರು ಇದರ ಪ್ರತಿಯೊಂದು ವಿವರವನ್ನೂ ಯಥಾರ್ಥ ಘಟನೆಯೆಂದು ಸ್ವೀಕರಿಸುವುದಿಲ್ಲ. ಅದು ಸರಿಯೂ ಹೌದು. ಆದರೆ ಕಥೆಯನ್ನು ಕಲ್ಲಿನಲ್ಲಿ ಕಂಡರಿಸಿದವರಿಗೆ ವಜ್ರಖಚಿತ ಕಿರೀಟವೊಂದನ್ನು ಕಲ್ಪಿಸಿಕೊಳ್ಳುವುದು ಕಷ್ಟವಾಗಿರಲಿಲ್ಲ. ಅವರು ಆರಿಸಿಕೊಂಡುದು ಒಂದೇ ಹಗಲಿನಲ್ಲಿ ಬಾಡುವ ಹೂವನ್ನು. ಎಸಳು ಬಾಡಿದ ಮೇಲೆ ಹಣೆಯ ಮೇಲೆ ಉಳಿಯುವುದು ಷರತ್ತು ಮಾತ್ರ.

ಆ ಗಂಗರ ನಾಡಿನ ನಡುವಣ ಭೂಮಿಯೇ ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿಗಳ ಸೀಮೆ. ಹಿಂದೆ ಕಾಳಮುದ್ದನದೊಡ್ಡಿ ಎನಿಸಿಕೊಂಡು ಈಗ ಭಾರತೀನಗರವೆಂದು ಹೆಸರಾಗಿರುವ ಊರಿನ ಸಮೀಪದಲ್ಲಿ ಆರೆತಿಪ್ಪೂರು ಇದೆ. ಶಾಸನಗಳಲ್ಲಿ ಇದರ ಹೆಸರು ತಿಪ್ಪೂರು. ಇಲ್ಲಿನ ಬೆಟ್ಟಗಳಲ್ಲಿ ಒಂದನ್ನು ಜನ ಸವಣಪ್ಪನ ಬೆಟ್ಟವೆನ್ನುತ್ತಾರೆ. ಶ್ರಮಣ ಶಬ್ದ ಹಳ್ಳಿಗರ ನಾಲಗೆಯಲ್ಲಿ ಇಂದಿಗೂ ಹೀಗೆ ಬದುಕಿದೆ. ಅಲ್ಲಿ ಸುಮಾರು 10 ಅಡಿ ಎತ್ತರದ ಬಾಹುಬಲಿಯ ಮೂರ್ತಿ ನಿಂತಿದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಉತ್ಖನನದಿಂದ ಬಸದಿಗಳ ತಳಪಾಯಗಳೂ ಬೆಳಕಿಗೆ ಬಂದಿವೆ.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ತಲಕಾಡಿನಲ್ಲಿ ಚೋಳರ ಅಧಿಕಾರಿ ಅದಿಯಮನನ್ನು ಸೋಲಿಸಿ ಗಂಗವಾಡಿಯನ್ನು ತನ್ನ ಒಡೆಯನಿಗೆ ಗೆದ್ದುಕೊಟ್ಟವನು. 1117ರ ಶಾಸನದಂತೆ ಅವನು ತಿಪ್ಪೂರನ್ನು ದೊರೆಯಿಂದ ಪಡೆದು ಮೇಘಚಂದ್ರ ಸಿದ್ಧಾಂತದೇವರಿಗೆ ದತ್ತಿಯಾಗಿ ಬಿಟ್ಟನು. ಶ್ರವಣಬೆಳಗೊಳದ ಶಾಸನಗಳೂ ಇದೇ ಬಗೆಯ ಸಂಗತಿಯನ್ನು ಹೇಳುತ್ತವೆ: ಗೆದ್ದು ಬಂದಾಗ ಮೆಚ್ಚಿದ ದೊರೆ ಬೇಕಾದುದನ್ನು ಬೇಡೆಂದನು, ಗಂಗರಾಜ ಬೇಡಿದುದು ಜಿನಪೂಜೆಗೆಂದು ಬಿಡಲು ಒಂದು ಊರನ್ನು. ಪಟ್ಟಕ್ಕೆ ಅಷ್ಟು ಹತ್ತಿರ ನಿಂತ ಸೇನಾಪತಿ ಇನ್ನೇನನ್ನೆಲ್ಲ ಬೇಡಬಹುದಾಗಿತ್ತೆಂಬುದನ್ನು ರಾಜವಂಶಗಳ ಚರಿತ್ರೆ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ.

ಮುಕುಟದ ಆಯ್ಕೆಗೆ ಶಿಲ್ಪಶಾಸ್ತ್ರದಲ್ಲಿ ಖಚಿತವಾದ ಕ್ರಮವಿದೆ. ಮಾನಸಾರದಂತಹ ಗ್ರಂಥಗಳು ಜಟಾಮುಕುಟ, ಕಿರೀಟಮುಕುಟ, ಕರಂಡಮುಕುಟ ಮೊದಲಾದ ಭೇದಗಳನ್ನು ಹೇಳಿ, ಯಾರಿಗೆ ಯಾವುದು ಸಲ್ಲುವುದೆಂದು ಗೊತ್ತುಮಾಡುತ್ತವೆ. ಜಟೆಯನ್ನೇ ಎತ್ತಿ ಕಟ್ಟಿದ ಮುಕುಟ ಬ್ರಹ್ಮ, ರುದ್ರರಿಗೆ. ನೀಳವಾದ ಕಿರೀಟ ನಾರಾಯಣನಿಗೆ ಮತ್ತು ಸಾರ್ವಭೌಮನಿಗೆ. ಕರಡಿಗೆಯಂತೆ ಸುತ್ತುಸುತ್ತಾಗಿ ಮೇಲೇರುವ ಕರಂಡ ಉಳಿದ ದೇವತೆಗಳಿಗೆ. ಕಿರಿಯ ಅರಸರಿಗೆ ಪಟ್ಟವೇ ಸಾಕು. ಇಲ್ಲಿ ಶಿಲ್ಪಿಯ ಅಭಿರುಚಿಗೆ ಎಡೆ ಕಡಿಮೆ. ಮುಕುಟವನ್ನು ನೋಡಿದೊಡನೆ ಧರಿಸಿದವನ ಸ್ಥಾನ ತಿಳಿಯಬೇಕು.

ಈ ಶ್ರೇಣಿ ಜೈನ ಬಸದಿಯೊಳಗೆ ಬಂದಾಗ ಒಂದು ವಿಲಕ್ಷಣ ಪರಿಣಾಮವಾಗುತ್ತದೆ. ಚಾಮರಧಾರಿಗಳ ತಲೆಯ ಮೇಲೆ ಮುಕುಟವಿದೆ. ಯಕ್ಷನಿಗಿದೆ; ಪದ್ಮಾವತಿ, ಕೂಷ್ಮಾಂಡಿನಿಯರಿಗೂ ಇದೆ. ಇವರೆಲ್ಲರ ನಡುವೆ ಕುಳಿತ ಜಿನನಿಗಿಲ್ಲ. ಅವನ ಮೇಲಿರುವ ಮುಕ್ಕೊಡೆ ಶಿರವನ್ನು ಮುಟ್ಟುವುದಿಲ್ಲ. ಶ್ರೇಣಿಯ ತುತ್ತತುದಿಯಲ್ಲಿ ಅತ್ಯುನ್ನತ ಕಿರೀಟವನ್ನು ನಿರೀಕ್ಷಿಸುವ ಕಣ್ಣಿಗೆ ಕಾಣುವುದು ಬರಿಯ ತಲೆ.

ಬಾಹುಬಲಿಯ ವಿಷಯದಲ್ಲಿ ಇದು ಇನ್ನಷ್ಟು ತೀಕ್ಷ್ಣ. ಅವನು ಸೋತು ಕಿರೀಟ ಕಳೆದುಕೊಂಡವನಲ್ಲ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಅಣ್ಣ ಭರತನನ್ನು ಗೆದ್ದು, ಚಕ್ರವರ್ತಿಯ ಮುಕುಟ ಕೈಗೆಟಕುವ ಗಳಿಗೆಯಲ್ಲಿಯೇ ಬಿಟ್ಟುಹೋದವನು. ಬಾದಾಮಿ, ಐಹೊಳೆಗಳ ಹಳೆಯ ಶಿಲ್ಪಗಳಲ್ಲಿ ಅವನ ಕೇಶ ಹೆಗಲ ಮೇಲೆ ಇಳಿಬಿದ್ದಿದೆ. ಚಾವುಂಡರಾಯ 981ರಲ್ಲಿ ಬೆಳಗೊಳದಲ್ಲಿ ಪ್ರತಿಷ್ಠಾಪಿಸಿದ ಮೂರ್ತಿಯಲ್ಲಿ ಅದು ಸುರುಳಿ ಸುರುಳಿಯಾಗಿದೆ. ಕೇಶವಿನ್ಯಾಸದಲ್ಲಿ ಶಿಲ್ಪಿಗಳು ಸ್ವಾತಂತ್ರ್ಯ ವಹಿಸಿದರು, ಮುಕುಟದಲ್ಲಿ ವಹಿಸಲಿಲ್ಲ.

ಜೈನಕಲೆಯಲ್ಲಿ ಇದಕ್ಕೆ ಬೇರೆ ಮಾರ್ಗವೇ ಇರಲಿಲ್ಲವೆಂದಲ್ಲ. ಗುಜರಾತಿನ ಅಕೋಟಾದಲ್ಲಿ ದೊರೆತ 6ನೆಯ ಶತಮಾನದ ಕಂಚಿನ ಜೀವಂತಸ್ವಾಮಿಯ ಪ್ರತಿಮೆ ಮಹಾವೀರನನ್ನು ದೀಕ್ಷೆಗೆ ಮುನ್ನ ಧ್ಯಾನಸ್ಥನಾದ ರಾಜಕುಮಾರನಂತೆ, ಮುಕುಟಾಭರಣಗಳೊಡನೆ ತೋರಿಸುತ್ತದೆ. ಶ್ವೇತಾಂಬರ ಪರಂಪರೆಯಲ್ಲಿ ಜಿನಬಿಂಬಕ್ಕೆ ಮುಕುಟ ತೊಡಿಸಿ ಪೂಜಿಸುವ ರೂಢಿಯೂ ಉಂಟು. ಭಕ್ತನು ತನ್ನಲ್ಲಿರುವ ಉತ್ತಮ ವಸ್ತುವನ್ನು ಸ್ವಾಮಿಗೆ ಅರ್ಪಿಸುವ ಭಾವವನ್ನು ಅಲ್ಲಗಳೆಯಲಾಗದು. ದಿಗಂಬರ ಪರಂಪರೆಯಾದರೋ ಸ್ವಾಮಿ ಬಿಟ್ಟುದನ್ನು ಅವನಿಗೆ ಮರಳಿ ತೊಡಿಸಲು ಒಪ್ಪಲಿಲ್ಲ.

ಮಂಡ್ಯ ಜಿಲ್ಲೆಯಲ್ಲಿ ಮುಕುಟವೆಂದೊಡನೆ ಜನರಿಗೆ ನೆನಪಾಗುವುದು ಮೇಲುಕೋಟೆ. ಚೆಲುವನಾರಾಯಣನಿಗೆ ವೈರಮುಡಿಯಲ್ಲದೆ, 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ರಾಜ ಒಡೆಯರು ಅರ್ಪಿಸಿದ ರಾಜಮುಡಿಯೂ, ಮುಮ್ಮಡಿ ಕೃಷ್ಣರಾಜ ಒಡೆಯರು ಅರ್ಪಿಸಿದ ಕೃಷ್ಣರಾಜಮುಡಿಯೂ ಇವೆ. ಇವುಗಳಲ್ಲಿ ಯಾವುದನ್ನು ಎಂದು ತೊಡಿಸಬೇಕೆಂಬುದು ಉತ್ಸವದ ಕಟ್ಟಳೆಗೆ ಸೇರಿದ್ದು. ಒಡೆಯರ ಚಿತ್ರಗಳನ್ನು ನೋಡಿದರೆ ಅವರ ತಲೆಯ ಮೇಲೆ ಕಾಣುವುದು ರತ್ನದ ತುರಾಯಿ ಸಿಕ್ಕಿಸಿದ ಪೇಟ. ತಮ್ಮ ಹೆಸರಿನ ಮುಡಿಯನ್ನು ದೇವರಿಗೆ ಒಪ್ಪಿಸಿ ತಾವು ಪೇಟದಲ್ಲಿ ಉಳಿದರು. ವೈರಮುಡಿ ಸಹ ದೇವರ ಬಳಿ ನಿತ್ಯ ಇರುವುದಿಲ್ಲ. ಸರ್ಕಾರಿ ಖಜಾನೆಯಿಂದ ಪೊಲೀಸು ಕಾವಲಿನಲ್ಲಿ ಬಂದು, ಉತ್ಸವದ ತರುವಾಯ ಹಾಗೆಯೇ ಹಿಂದಿರುಗುತ್ತದೆ.

ಶ್ರಾವಕರಿಗೂ ಮುಕುಟ ಧರಿಸುವ ಸಂದರ್ಭ ಒಂದುಂಟು. ಪಂಚಕಲ್ಯಾಣ ಮಹೋತ್ಸವದಲ್ಲಿ ದಂಪತಿಗಳು ಸೌಧರ್ಮೇಂದ್ರ, ಶಚೀದೇವಿಯರಾಗಿ ಮುಕುಟ, ಹಾರಗಳನ್ನು ಧರಿಸುತ್ತಾರೆ. ಈ ಸ್ಥಾನಗಳನ್ನು ಸವಾಲಿನಲ್ಲಿ ಹಿಡಿಯುವ ಪದ್ಧತಿ ಅನೇಕ ಕಡೆ ಬೆಳೆದಿದೆ. ಸಂಗ್ರಹವಾದ ಹಣ ಧರ್ಮಕಾರ್ಯಕ್ಕೇ ವಿನಿಯೋಗವಾಗುವುದು ನಿಜ. ಆದರೆ ಯಾರ ಮುಕುಟ ಎತ್ತರ, ಯಾರದು ಹೆಚ್ಚು ಹೊಳಪು ಎಂಬ ಲೆಕ್ಕ ಶುರುವಾದಲ್ಲಿ ಅದು ಇಂದ್ರನ ಮುಕುಟವಾಗಿ ಉಳಿಯುವುದಿಲ್ಲ. ಇಂದ್ರನಿಗೆ ಆ ಮುಕುಟವಿರುವುದು ಜಿನಶಿಶುವಿನ ಮುಂದೆ ಬಾಗಿಸುವುದಕ್ಕೆ. ಬಾಗಿದಾಗ ಜಾರದಷ್ಟು ಹಗುರವಾಗಿ, ತಲೆಗೆ ಹೊಂದುವಂತಿದ್ದರೆ ಸಾಕು.

ಅದೇ ಉತ್ಸವದಲ್ಲಿ ಬಿಂಬವೂ ಸ್ವಲ್ಪ ಹೊತ್ತು ರಾಜಕುಮಾರನಾಗುತ್ತದೆ. ರಾಜ್ಯಾಭಿಷೇಕದ ಪ್ರಸಂಗದಲ್ಲಿ ಮುಕುಟ ತೊಡಿಸುತ್ತಾರೆ, ವಾದ್ಯಗಳು ಮೊಳಗುತ್ತವೆ. ದೀಕ್ಷಾಕಲ್ಯಾಣ ಬಂದಾಗ ಆಭರಣಗಳನ್ನು ಒಂದೊಂದಾಗಿ ಕಳಚುತ್ತಾರೆ. ಮುಕುಟವನ್ನೂ ಇಳಿಸಿ ಪಕ್ಕದ ತಟ್ಟೆಯಲ್ಲಿಡುತ್ತಾರೆ. ಪ್ರತಿಷ್ಠೆ ಮುಗಿದು ಬಿಂಬ ಗರ್ಭಗೃಹಕ್ಕೆ ಹೋಗುವಾಗ ಅದು ಜೊತೆಯಲ್ಲಿ ಹೋಗುವುದಿಲ್ಲ.