ಮುರಿದ ಹರಡಿಗೆ ಕಟ್ಟು

ಸೊರಬ ತಾಲ್ಲೂಕಿನ ಗುಡವಿಯ ಕೆರೆಯಂಚಿನಲ್ಲಿ ನಿಂತು ಬೆಳ್ಳಕ್ಕಿಯನ್ನು ನೋಡುವವರಿಗೆ, ಅದರ ಮೊಣಕಾಲು ಹಿಂದುಮುಂದಾಗಿ ಮಡಿಯುವಂತೆ ತೋರುವುದುಂಟು. ಅದು ಮೊಣಕಾಲಲ್ಲ, ಹರಡು. ಮೊಣಕಾಲು ಗರಿಗಳ ಮರೆಯಲ್ಲಿದೆ. ಮನುಷ್ಯನ ಹರಡಾದರೋ ಪಾದದ ಮೇಲೆಯೇ ಇದ್ದು ಮೈಭಾರವನ್ನೆಲ್ಲ ಹೊರುತ್ತದೆ. ಮಳೆಗಾಲದಲ್ಲಿ ಕೆರೆಯ ಏರಿಯ ಮೇಲೋ ಗದ್ದೆಯ ಬದುವಿನ ಮೇಲೋ ಕಾಲು ಜಾರಿದರೆ ಮೊದಲು ತಿರುಚುವ ಕೀಲು ಇದೇ.

ನನ್ನ ತಾಯಿ ಹಾಗೆ ಜಾರಿ ಬಿದ್ದವರು. ನಾಟಿವೈದ್ಯರೊಬ್ಬರು ಬಿದಿರಿನ ದಬ್ಬೆ ಕಟ್ಟಿದರು. ಎಲುಬು ಕೂಡಿತು, ಆದರೆ ಓರೆಯಾಗಿ ಕೂಡಿತು. ಬದುಕಿರುವವರೆಗೂ ಅವರು ಕುಂಟುತ್ತಲೇ ನಡೆದರು. ಕೂಡುವುದು ಬೇರೆ, ನೆಟ್ಟಗೆ ಕೂಡುವುದು ಬೇರೆ ಎಂಬುದನ್ನು ನಾನು ಅರಿತದ್ದು ಆಗಲೇ.

ಈ ಭೇದವನ್ನು ಸುಶ್ರುತ ಸಂಹಿತೆ ಬಲ್ಲದು. ಸರಿದ ಎಲುಬನ್ನು ಎಳೆದು, ಒತ್ತಿ, ಸ್ವಸ್ಥಾನಕ್ಕೆ ತಂದ ಮೇಲೆಯೇ ಕಟ್ಟಬೇಕೆಂದು ಅದರ ವಿಧಿ. ಕಟ್ಟಿಗೆ ಅತ್ತಿ, ಅರಳಿ, ಆಲ, ಮುತ್ತುಗ, ಹೊಳೆಮತ್ತಿಗಳ ತೊಗಟೆಯನ್ನೂ ಬಿದಿರನ್ನೂ ಹೇಳಿದೆ. ಎಲ್ಲವೂ ನಮ್ಮ ಸೀಮೆಯವರು ಬಲ್ಲ ಮರಗಳೇ. ಕಟ್ಟು ಸಡಿಲವಾದರೆ ಕೀಲು ನಿಲ್ಲದು, ಬಿಗಿಯಾದರೆ ಬಾವು, ನೋವು, ಕೀವು ಎಂಬ ಎಚ್ಚರಿಕೆಯೂ ಉಂಟು.

ಹೊರಗಿನಿಂದ ಕಟ್ಟುವ ಈ ಕ್ರಮವೇ ಲೋಕದಲ್ಲೆಲ್ಲ ಬಹುಕಾಲ ನಡೆಯಿತು. ಹಾಲೆಂಡಿನ ಸೇನಾವೈದ್ಯ ಮಾಥೈಸೆನ್ 1852ರಲ್ಲಿ ಪ್ರಕಟಿಸಿದ ಗಾರೆಪಟ್ಟಿ ಅದನ್ನು ಇನ್ನಷ್ಟು ಭದ್ರಗೊಳಿಸಿತು. ಗಾಯದಲ್ಲಿ ಕೀವಾಗದಂತೆ ತಡೆಯುವ ವಿಧಾನವನ್ನು ಲಿಸ್ಟರ್ ತೋರಿಸಿಕೊಟ್ಟ ಬಳಿಕವೇ ಚರ್ಮವನ್ನು ಸೀಳಿ ಎಲುಬನ್ನು ಕೈಯಾರೆ ಜೋಡಿಸುವ ಧೈರ್ಯ ಬಂದಿತು. 1895ರಲ್ಲಿ ರಾಂಟ್‌ಜೆನ್ ಎಕ್ಸ್‌ರೇಯನ್ನು ಕಂಡುಹಿಡಿದ ಮೇಲೆ ಎಲುಬಿನ ಓರೆ ಕಣ್ಣಿಗೇ ಕಾಣತೊಡಗಿತು. ಇಂಗ್ಲೆಂಡಿನ ಲೇನ್, ಬೆಲ್ಜಿಯಮ್ಮಿನ ಲಾಂಬೊಟ್ ಮೊದಲಾದವರು ತಗಡು, ತಿರುಪುಗಳನ್ನು ಬಳಕೆಗೆ ತಂದರು. 1958ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಸಂಘ ಕಟ್ಟಿ ಆ ವಿದ್ಯೆಗೆ ಶಿಸ್ತು ತಂದರು.

ಇಷ್ಟು ಶ್ರಮವೇಕೆಂದರೆ, ಹರಡಿನೊಳಗಿನ ಎಲುಬು ಒಂದೇ ಮಿಲಿಮೀಟರು ಹೊರಕ್ಕೆ ಸರಿದರೂ, ಮೇಲಿನ ಎಲುಬಿಗೆ ಅದು ತಾಗುವ ಜಾಗ ನೂರಕ್ಕೆ 42ರಷ್ಟು ಕುಗ್ಗುತ್ತದೆ; ರ‍್ಯಾಮ್ಸೆ ಮತ್ತು ಹ್ಯಾಮಿಲ್ಟನ್ 1976ರಲ್ಲಿ ಇದನ್ನು ಅಳೆದು ತೋರಿಸಿದರು. ಭಾರವೆಲ್ಲ ಚಿಕ್ಕ ಜಾಗದ ಮೇಲೆ ಬಿದ್ದು ಕೀಲು ಸವೆಯುತ್ತದೆ.

ಈಗ ಬಗೆಬಗೆಯ ಸಾಧನಗಳುಂಟು. ಹೊರಗಣ ಎಲುಬಿಗೆ ತಗಡು ಮತ್ತು ತಿರುಪು. ಮುದುಕರ ತೆಳುಚರ್ಮಕ್ಕೆ ದೊಡ್ಡ ಗಾಯ ಆಗದಂತೆ ಎಲುಬಿನೊಳಕ್ಕೇ ತೂರಿಸುವ ಸಲಾಕೆ. ಎರಡು ಎಲುಬುಗಳನ್ನು ಬಿಗಿದಿಡುವ ಕಟ್ಟುನಾರು ಹರಿದಿದ್ದರೆ ಅಡ್ಡ ತಿರುಪು, ಇಲ್ಲವೇ ಗುಂಡಿ ಪೋಣಿಸಿದ ಗಟ್ಟಿ ದಾರ. ತಿರುಪು ಅಲುಗಗೊಡದು, ಕೆಲವೊಮ್ಮೆ ತಾನೇ ಮುರಿಯುತ್ತದೆ. ದಾರ ಸಹಜವಾದ ಸ್ವಲ್ಪ ಅಲುಗಾಟಕ್ಕೆ ಎಡೆಗೊಡುತ್ತದೆ, ಆದರೆ ಬೆಲೆ ಹೆಚ್ಚು.

ಹಾಗಾದರೆ ಹಳೆಯ ಹೊರಗಟ್ಟು ಸೋತಿತೆ? ಇಲ್ಲ. ಬ್ರಿಟನ್ನಿನಲ್ಲಿ ಅರವತ್ತು ದಾಟಿದ 620 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರಕ್ರಿಯೆ, ಇನ್ನೊಂದಕ್ಕೆ ಅರಿವಳಿಕೆ ಕೊಟ್ಟು ಎಲುಬನ್ನು ಸರಿಪಡಿಸಿ ಮೈಗಂಟಿದಂತೆ ಹಾಕುವ ಗಾರೆಪಟ್ಟಿ ಮಾಡಿ ನೋಡಿದರು. 2016ರಲ್ಲಿ ಫಲ ಪ್ರಕಟವಾಯಿತು. ಆರು ತಿಂಗಳಿಗೆ ಎರಡೂ ಗುಂಪಿನವರ ಕಾಲಿನ ಶಕ್ತಿ ಹೆಚ್ಚುಕಡಮೆ ಸಮ. ಗಾಯ ಕೀವಾಗುವುದು, ಬಿರಿಯುವುದು ಶಸ್ತ್ರಕ್ರಿಯೆಯವರಲ್ಲಿ ನೂರಕ್ಕೆ 10, ಪಟ್ಟಿಯವರಲ್ಲಿ 1. ಎಕ್ಸ್‌ರೇಯಲ್ಲಿ ಓರೆ ಕಂಡದ್ದು ಪಟ್ಟಿಯವರಲ್ಲಿ 15, ಶಸ್ತ್ರಕ್ರಿಯೆಯವರಲ್ಲಿ 3. ಪಟ್ಟಿಯವರಲ್ಲಿ ಸುಮಾರು ಐವರಲ್ಲೊಬ್ಬರಿಗೆ ತರುವಾಯ ಶಸ್ತ್ರಕ್ರಿಯೆಯೂ ಬೇಕಾಯಿತು.

ಸಡಿಲವೂ ಆಗದೆ ಬಿಗಿಯೂ ಆಗದೆ ಹಿಡಿಯಬೇಕೆಂಬ ಹಳೆಯ ಪ್ರಶ್ನೆಯೇ ಇಂದಿಗೂ ಉಳಿದಿದೆ. ಉತ್ತರವನ್ನು ರೋಗಿಯ ವಯಸ್ಸು, ಚರ್ಮ, ಮುರಿತ ನೋಡಿ ವೈದ್ಯರು ಹೇಳಬೇಕು. ನಮ್ಮ ಪಾಲಿನ ಕೆಲಸ ಒಂದೇ: ಮನೆಯಲ್ಲಿ ಯಾರಾದರೂ ಜಾರಿ ಬಿದ್ದು ಹರಡು ಊದಿ ಕಾಲೂರಲಾರದಾದರೆ, ತಿಕ್ಕಿಸದೆ ಎಕ್ಸ್‌ರೇ ತೆಗೆಸುವುದು. ನನ್ನ ತಾಯಿಗೆ ಆ ಅನುಕೂಲವಿರಲಿಲ್ಲ, ಇಂದು ನಮಗುಂಟು.